ಹುಲಿಗೆವ್ವ ಹೆಸರು ಬದಲಿಸಿದ ಗಳಿಗೆ

ಬಹಳ ಬಹಳ ಹಿಂದೆ, ನಾಲೆಯ ನೀರು ಸುಸ್ತಾಗಿ ಬಂದು ನಿಲ್ಲುವ ಕೊನೆಯಲ್ಲಿ ಒಂದು ಊರಿತ್ತು. ಕಡೇತೂಬು ಅಂತ ಅದರ ಹೆಸರು. ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳು. ಯಾವ ಕಾಲ ಅಂತ ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ತೂಬಿನ ಗೇಟುಗಳನ್ನು ಮನುಷ್ಯರು ಚಕ್ರ ತಿರುವಿ ಎತ್ತುವುದು ನಿಂತು, ಯಂತ್ರಗಳೇ ಎತ್ತಲು ಶುರು ಮಾಡಿದ ಕಾಲ ಅಂದುಕೊಳ್ಳಿ, ಸಾಕು.

ಈ ಕಥೆಯಲ್ಲಿ ಒಂದು ಮಾತು ಬರುತ್ತದೆ. ಈ ನಾಲೆಯ ಮೇಲಿನವರು ಆ ಮಾತು ಆಡುವುದಿಲ್ಲ. ದನಕ್ಕೂ ಆಡುವುದಿಲ್ಲ, ಮಕ್ಕಳಿಗೂ ಆಡುವುದಿಲ್ಲ. ಹುಲಿಗೆವ್ವನ ಕಥೆ ಹೇಳುವಾಗ ಮಾತ್ರ ಹೇಳಬಹುದು ಅಂತ ಹಿರಿಯರ ಅಪ್ಪಣೆ ಇದೆ. ನನ್ನ ಬಾಯಲ್ಲಿ ಅದು ಬಂದಾಗ ಯಾರೂ ಮುಖ ಮುಖ ನೋಡಿಕೊಳ್ಳಬೇಡಿ.

ಪ್ರತಿ ತೂಬಿನ ಪಕ್ಕ ಒಂದು ಪುಟ್ಟ ಮನೆ, ಮನೆಯೊಳಗೆ ಒಂದು ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆಗಳಿಗೆಲ್ಲ ಬುದ್ಧಿ ಒಂದೇ. ಕಸುಬಿನವರು ಅದನ್ನು ಕರ್ನೆಲ್ ಅನ್ನುತ್ತಿದ್ದರು, ನಮ್ಮವರು ತಿರುಳು ಅನ್ನುತ್ತಿದ್ದರು. ಬೇರೆ ಕಡೆ ತಿರುಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರಂತೆ. ನಮ್ಮ ನಾಲೆಯ ತಿರುಳು ಕನ್ನಡದಲ್ಲೇ ಇತ್ತು. ಬುದ್ಧಿ ಒಂದಾದರೂ ಗೇಟುಗಳ ಸ್ವಭಾವ ಒಂದಲ್ಲ. ಒಂದು ಹಗುರ, ಒಂದು ಮೊಂಡು, ಒಂದು ಅರ್ಧ ಎದ್ದು ಅಲ್ಲೇ ತೂಕಡಿಸುತ್ತದೆ. ಹಾಗಾಗಿ ಪ್ರತಿ ಗೇಟಿಗೂ ಅದರ ಗುಣ ಬಲ್ಲ ಒಂದು ಬರಹ ಬೇಕು. ಅದಕ್ಕೆ ಡ್ರೈವರ್ ಅನ್ನುತ್ತಿದ್ದರು. ಎತ್ತು ಯಾವುದಾದರೇನು, ಹೊಡೆಯುವವನಿಗೆ ಅದರ ಗುಣ ಗೊತ್ತಿರಬೇಕಲ್ಲ. ಪ್ರತಿ ಡ್ರೈವರಿನ ತಲೆಯಲ್ಲಿ ಒಂದು ಗಳಿಗೆ ಇರುತ್ತಿತ್ತು. ಇಷ್ಟು ಹೊತ್ತು ಕಾಯಿ, ಆಮೇಲೆ ಗೇಟು ಎತ್ತು ಅನ್ನುವ ಟೈಮರ್ ಅದು.

ಒಂದು ಗಳಿಗೆ ಮಾಡಬೇಕಾದರೆ ಎಷ್ಟೋ ಸಾಲು ಬರೆಯಬೇಕಿತ್ತು. ಎಲ್ಲರೂ ಬರೆದರೆ ಎಲ್ಲರೂ ಒಂದೊಂದು ತಪ್ಪು ಮಾಡುತ್ತಾರೆ. ಅದಕ್ಕೇ ತಿರುಳು ಬರೆಯುವ ಕಸುಬಿನ ಹುಲಿಗೆವ್ವ ಆ ಸಾಲುಗಳನ್ನೆಲ್ಲ ಮಡಚಿ ಒಂದೊಂದು ಮಾತಿನೊಳಗೆ ಇಟ್ಟಳು. ‘ಊಟಕ್ಕೆ ಹಾಕು’ ಅಂದರೆ ಎಲೆ ಹಾಸು, ನೀರು ಚಿಮುಕಿಸು, ಉಪ್ಪು ಇಡು, ಅನ್ನ ಬಡಿಸು ಎಲ್ಲವೂ ಬಂತಲ್ಲ, ಹಾಗೆ. ಇಂಥ ಮಡಚಿದ ಮಾತಿಗೆ ಕಸುಬಿನವರು ಮ್ಯಾಕ್ರೋ ಅನ್ನುತ್ತಾರೆ. ಅವಳು ಎರಡು ಮಾತು ಮಾಡಿದಳು. ಒಂದು ಗಳಿಗೆ_ಹಿಡಿ. ಇನ್ನೊಂದು ಗಳಿಗೆ_ಬಿಡು.

ಹುಲಿಗೆವ್ವನ ಮನೆಯಲ್ಲಿ ಎಮ್ಮೆಗಳಿದ್ದವು. ಅವಳು ನಡೆಯಲು ಕಲಿತಾಗಿನಿಂದ ಕರು ಹಿಡಿದವಳು. ತಾಯಿ ಸಂಕವ್ವ ಹಾಲು ಕರೆಯುವಾಗ ‘ಕರು ಹಿಡಿ’ ಅಂದರೆ ಕರು ನಿಲ್ಲಬೇಕು. ‘ಕರು ಬಿಡು’ ಅಂದರೆ ಕರು ಓಡಬೇಕು. ಗಳಿಗೆಯೂ ಅಷ್ಟೇ ಅಂತ ಅವಳ ಲೆಕ್ಕ. ಹಿಡಿ ಅಂದರೆ ಗಳಿಗೆ ನಿಂತಿರುತ್ತದೆ, ಬಿಡು ಅಂದರೆ ಆ ಕ್ಷಣದಿಂದ ಓಡುತ್ತದೆ. ಆ ಮಾತುಗಳನ್ನು ಬಳಸಿ ನೋಡಿದವರೆಲ್ಲ ಎಂಥ ಚಂದದ ಹೆಸರು ಅಂದರು. ತಿರುಳಿಗೆ ಕೊಟ್ಟಿಗೆಯ ವಾಸನೆ ಬಂತು ಅಂತ ನಕ್ಕರು. ಅವಳೂ ನಕ್ಕಳು. ಹಾಗೆ ನಕ್ಕಿದ್ದನ್ನು ಅವಳು ಆಮೇಲೆ ಬಹಳ ನೆನೆಸಿಕೊಂಡಳು ಅಂತ ಹೇಳುತ್ತಾರೆ.

ಕಡೇತೂಬಿಗೆ ಹೊಸ ಗೇಟು ಬಂತು. ಅದರ ಡ್ರೈವರ್ ಬರೆಯಲು ಎರೆನಾಡಿನ ಕಡೆಯಿಂದ ಜಟ್ಟೆಪ್ಪ ಅಂತ ಒಬ್ಬ ಬಂದ. ಅವನ ಸೀಮೆಯಲ್ಲಿ ನಾಲೆ ಇಲ್ಲ, ಕೆರೆ ಇಲ್ಲ, ಹರಿಸಲು ನೀರೇ ಇಲ್ಲ. ಮಾತು ಕಡಿಮೆ, ಹಸಿವು ಜಾಸ್ತಿ. ಉಳಿದುಕೊಳ್ಳಲು ತೂಬಿನ ಮನೆ ಇತ್ತು, ಊಟಕ್ಕೆ ಸಂಕವ್ವನ ಮನೆ. ಸಂಕವ್ವನ ಕೈಯ ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ ಅಂದರೆ ಅವನಿಗೆ ಪ್ರಾಣ. ಹುಲಿಗೆವ್ವನ ಅಕ್ಕ ಪಾರವ್ವ ಬಡಿಸುತ್ತಾ, ನಿಮ್ಮ ಗೇಟಿಗಿಂತ ನೀವೇ ಹೆಚ್ಚು ಎತ್ತುತ್ತೀರಿ ಅಂತ ಕಾಡಿಸುತ್ತಿದ್ದಳಂತೆ. ಸಂಕವ್ವ ಮಗಳನ್ನು ಗದರಿ, ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕುತ್ತಿದ್ದಳಂತೆ. ಗಂಡುಮಕ್ಕಳಿಲ್ಲದ ಮನೆ. ಅವನು ಆ ಮನೆಯ ಮಗನೇ ಆದ.

ವರ್ಷಕ್ಕೊಮ್ಮೆ ನಾಲೆ ನಿಲ್ಲುತ್ತದೆ, ಹೂಳು ತೆಗೆಯಲು. ಆ ತಿಂಗಳು ಕಡೇತೂಬಿನ ಗೇಟಿನ ಹಿಂದೆ ದನಕರುಗಳಿಗೆ ಅಂತ ನೀರು ಕಟ್ಟಿಡುತ್ತಾರೆ. ಗೇಟಿನ ಮುಂದಿನ ಗುಂಡಿಯಲ್ಲಿ ಮೊಣಕಾಲು ನೀರು ಉಳಿಯುತ್ತದೆ. ಊರ ಹೆಂಗಸರು ವರ್ಷವಿಡೀ ಹೊದ್ದ ಕೌದಿಗಳನ್ನೆಲ್ಲ ತಂದು ಅಲ್ಲಿ ಒಗೆಯುತ್ತಾರೆ. ಆ ತಿಂಗಳು ಗೇಟು ಅಲುಗಬಾರದು. ಗಳಿಗೆ ಸುಮ್ಮನಿರಬೇಕು.

ಆ ತಿಂಗಳು ಬಂದಾಗ ಜಟ್ಟೆಪ್ಪ ತಿರುಳಿನ ಮಾತುಗಳನ್ನು ನೋಡಿದ. ಗಳಿಗೆ_ಹಿಡಿ ಕಂಡಿತು, ಗಳಿಗೆ_ಬಿಡು ಕಂಡಿತು. ಅವನ ಕಿವಿಗೆ ಕರು ಬರಲಿಲ್ಲ. ಅವನ ಅಜ್ಜ ಅವನಿಗೆ ಹೇಳಿಕೊಟ್ಟ ಹಿಡಿ ಬೇರೆ, ಬಿಡು ಬೇರೆ. ಕೆಲಸ ಹಿಡಿ ಅಂದರೆ ಶುರು ಮಾಡು. ಕೆಲಸ ಬಿಡು ಅಂದರೆ ನಿಲ್ಲಿಸು. ಕುಡಿತ ಬಿಡು, ಜಗಳ ಬಿಡು, ಆಸೆ ಬಿಡು. ಅವನ ಸೀಮೆಯಲ್ಲಿ ಆ ಮಾತಿಗೆ ಇದೇ ಅರ್ಥ ಮೊದಲು. ಗಳಿಗೆ ಕೆಲಸ ಮಾಡುವುದು ಬೇಡ ಅಂತ ಅವನು ಗಳಿಗೆ_ಬಿಡು ಅಂತ ಬರೆದ. ಬರೆದು ಗೇಟಿನ ಮುಂದೆ ಕೂತು ನೋಡಿದ. ಗೇಟು ಅಲುಗಲಿಲ್ಲ. ಇನ್ನೂ ಕೂತು ನೋಡಿದ. ಅಲುಗಲಿಲ್ಲ. ಮೇಲಿನ ತೂಬುಗಳೆಲ್ಲ ಮುಗಿದ ಮೇಲೆ ಕೊನೆಯದರ ಸರದಿ, ಹಾಗಾಗಿ ಕಡೇತೂಬಿನ ಗಳಿಗೆ ಬಹಳ ಉದ್ದ. ಅದು ಒಳಗೆ ಓಡುತ್ತಿತ್ತು. ಗಳಿಗೆ ಓಡುವಾಗ ಸದ್ದು ಮಾಡುವುದಿಲ್ಲ. ಜಟ್ಟೆಪ್ಪ ಹೋಗಿ ಉಂಡು ಮಲಗಿದ.

ಮರುದಿನ ಬಿಸಿಲೇರುವ ಹೊತ್ತಿಗೆ ಹೆಂಗಸರೆಲ್ಲ ಗುಂಡಿಯಲ್ಲಿದ್ದರು. ಪಾರವ್ವ ಅವ್ವನ ಕೌದಿ ಒಗೆಯುತ್ತಿದ್ದಳು. ಸಂಕವ್ವ ತನ್ನ ತಾಯಿಯ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿ ಅದು. ಗೇಟು ಏಳುವ ಮುಂಚೆ ಕೂಗುವ ಸೈರನ್ ಆ ತಿಂಗಳು ಬಂದ್ ಇತ್ತು. ಗೇಟು ಎದ್ದಿತು. ಹಿಂದೆ ಕಟ್ಟಿದ ನೀರೆಲ್ಲ ಒಮ್ಮೆಲೇ ಬಂತು. ಹೆಂಗಸರು ಬಿದ್ದು ಎದ್ದು ದಂಡೆ ಹತ್ತಿದರು. ಪಾರವ್ವ ಒದ್ದೆ ಕೌದಿ ಹಿಂಡಲು ತೋಳಿಗೆ ಸುತ್ತಿಕೊಂಡಿದ್ದಳು. ನೆನೆದ ಕೌದಿ ಮನುಷ್ಯನಿಗಿಂತ ಭಾರ. ದಂಡೆಯ ಮೇಲಿಂದ ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು.

“ಬಿಡು ಪಾರಿ! ಕೌದಿ ಬಿಡು!”

ಆ ಹೆಣ್ಣು ಈ ಲೋಕದಲ್ಲಿ ಕೊನೆಗೆ ಕೇಳಿದ ಮಾತು ಅದು. ನಾಲೆಯ ತಿರುವಿನಲ್ಲಿ ಅವಳು ಸಿಕ್ಕಾಗ ಕೌದಿ ಇನ್ನೂ ತೋಳಿನಲ್ಲೇ ಇತ್ತು ಅಂತ ಹೇಳುತ್ತಾರೆ. ಅವ್ವನ ಕೌದಿ ಅಂತ ಅವಳು ಅದನ್ನು ಕಳೆದುಕೊಳ್ಳಲಿಲ್ಲ. ತನ್ನನ್ನೇ ಕಳೆದುಕೊಂಡಳು.

ಊರು ಜಟ್ಟೆಪ್ಪನ ಮೇಲೆ ಬಿತ್ತು. ಉಂಡ ಮನೆಗೆ ಎರಡು ಬಗೆದ ಅಂದರು. ಎಲ್ಲಿ ತಪ್ಪಿದೆ ಅಂತ ಅವನಿಗೇ ಆಗ ಗೊತ್ತಿರಲಿಲ್ಲ. ಬರೆದದ್ದನ್ನು ತೆಗೆದು ನೋಡಿದ ಹುಲಿಗೆವ್ವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅವಳು ಚಾವಡಿಗೆ ಬಂದು ಎಲ್ಲರೆದುರು ನಿಂತಳು.

“ಅಂವ ತಪ್ಪು ಬರದಿಲ್ಲ. ಆ ಮಾತಿಗೆ ಎರಡು ಬಾಯಿ ಅದಾವ. ಹೆಸರಿಟ್ಟಾಕಿ ನಾನು.”

ಯಾರೂ ಕೇಳಲಿಲ್ಲ. ಮಾತಿಗೆ ಕೈ ಇರುವುದಿಲ್ಲ, ಕೊಲ್ಲುವುದು ಕೈ ಅಂದರು. ಅಕ್ಕನನ್ನು ಕಳೆದುಕೊಂಡವಳು ಏನೋ ಒದರುತ್ತಾಳೆ ಅಂದರು. ಅವನಿಗೆ ಊರಲ್ಲಿ ನೀರು ಕೊಡುವವರಿಲ್ಲ, ಬೆಂಕಿ ಕೊಡುವವರಿಲ್ಲ ಅಂತಾಯಿತು. ಅವನು ಹೊರಟ ದಿನ ಸಂಕವ್ವ ಬಾಗಿಲು ಹಾಕಿಕೊಂಡಳು. ಇನ್ನು ಈ ಮನೆಯಲ್ಲಿ ಅವನ ಹೆಸರು ತೆಗೆಯಬೇಡ ಅಂತ ಮಗಳಿಗೆ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ. ಹುಲಿಗೆವ್ವ ಆಡಿದ ಮಾತು ಒಂದು, ಒಡೆದ ಮುತ್ತು ಎರಡು.

ಅವತ್ತಿನಿಂದ ಹುಲಿಗೆವ್ವ ಆ ಮಾತುಗಳನ್ನು ತೆಗೆಯಲು ಹೊರಟಳು. ಹೊಸ ಹೆಸರು ಇಟ್ಟಳು. ಗಳಿಗೆ_ನಿಂತಿರಲಿ. ಗಳಿಗೆ_ಓಡಲಿ. ಚಂದ ಇಲ್ಲ, ಆದರೆ ಒಂದೇ ಬಾಯಿ. ಹೆಸರು ಇಡುವುದು ಸುಲಭ, ತೆಗೆಯುವುದು ಕಷ್ಟ. ಹಳೆಯ ಮಾತು ನಾಲೆಯ ಉದ್ದಕ್ಕೂ ಎಲ್ಲ ಡ್ರೈವರುಗಳಲ್ಲಿ ಹೊಕ್ಕಿತ್ತು. ಒಂದರಲ್ಲಿ ಉಳಿದರೂ ಹಳೆ ಹೆಸರನ್ನು ಅಳಿಸುವ ಹಾಗಿಲ್ಲ, ಅಳಿಸಿದರೆ ತಿರುಳು ಕೂಡಿಕೊಳ್ಳುವುದಿಲ್ಲ, ಎಲ್ಲ ಗೇಟೂ ಕೆಟ್ಟು ಕೂರುತ್ತವೆ. ಹಾಗಾಗಿ ಸ್ವಲ್ಪ ಕಾಲ ಎರಡೂ ಹೆಸರು ನಡೆಯಲಿ ಅಂತ ಮಾಡಿದಳು. ಮದುವೆಯಾದ ಹೊಸತರಲ್ಲಿ ಸೊಸೆಗೆ ತವರಿನ ಹೆಸರೂ ನಡೆಯುತ್ತದೆ, ಗಂಡನ ಮನೆಯ ಹೆಸರೂ ನಡೆಯುತ್ತದೆ, ಹಾಗೆ.

ಆ ಕಸುಬಿನಲ್ಲಿ ಒಂದು ಕಟ್ಟು ಇತ್ತು. ಒಬ್ಬರು ಬರೆದ ಡ್ರೈವರನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಹುಲಿಗೆವ್ವ ತೂಬಿನಿಂದ ತೂಬಿಗೆ ನಡೆದಳು. ಬರೆದವರನ್ನು ಹುಡುಕಿ ಹುಡುಕಿ ಕೇಳಿದಳು. ಕೆಲವರು ತಕ್ಷಣ ಒಪ್ಪಿದರು. ಕೆಲವರು, ಬೇವಿಗೆ ಬೆಲ್ಲ ಅಂತ ಹೆಸರಿಟ್ಟರೆ ಸಿಹಿಯಾಗುತ್ತದೇನವ್ವ ಅಂತ ಹಂಗಿಸಿದರು. ನಮ್ಮ ಕೈಗೆ ಹಳೆ ಮಾತೇ ರೂಢಿ, ನಮ್ಮಲ್ಲಿ ಯಾರೂ ಸತ್ತಿಲ್ಲವಲ್ಲ ಅಂದವರೂ ಇದ್ದರು. ಅಂಥವರ ಮನೆಯ ಕಟ್ಟೆಯ ಮೇಲೆ ಅವಳು ಸುಮ್ಮನೆ ಕೂರುತ್ತಿದ್ದಳು. ಅವರ ಮನೆಯ ಹೆಂಗಸರು ಬಂದು ವಿಷಯ ಕೇಳುತ್ತಿದ್ದರು. ಕೇಳಿದ ಮೇಲೆ ಒಳಗೆ ಹೋಗಿ ಗಂಡಸರಿಗೆ ಏನು ಹೇಳುತ್ತಿದ್ದರೋ, ಒಪ್ಪಿಗೆ ಹೊರಗೆ ಬರುತ್ತಿತ್ತು.

ಇಲ್ಲಿಂದ ಜನರ ಬಾಯಲ್ಲಿ ಅವಳು ಬೆಳೆದಳು. ಅವಳು ಪೆಟ್ಟಿಗೆಗೆ ಕಿವಿ ಹಚ್ಚಿದರೆ ಒಳಗೆ ಗಳಿಗೆ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತಿತ್ತು ಅಂತ ಹೇಳುತ್ತಾರೆ. ಗಳಿಗೆಗೆ ಸದ್ದಿಲ್ಲ ಅಂತ ಈಗ ತಾನೇ ಹೇಳಿದೆ. ಆದರೂ ಹೇಳುತ್ತಾರೆ. ಅವಳು ನಡೆದ ದಂಡೆಯಲ್ಲಿ ಗೇಟುಗಳು ತಲೆ ತಗ್ಗಿಸುತ್ತಿದ್ದವು ಅಂತ ಹೇಳುತ್ತಾರೆ. ಎಷ್ಟು ವರ್ಷ ನಡೆದಳು ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊರಟಾಗ ಕಪ್ಪಿದ್ದ ತಲೆ ಮುಗಿಯುವಾಗ ಬೆಳ್ಳಗಿತ್ತು, ಅಷ್ಟು ನಿಜ.

ಕೊನೆಗೆ ಒಂದೇ ಒಂದು ಉಳಿಯಿತು. ಕಡೇತೂಬಿನದು. ಜಟ್ಟೆಪ್ಪ ಬರೆದದ್ದು. ಪಾರವ್ವ ಹೋದಾಗಿನಿಂದ ನಾಲೆ ನಿಂತ ತಿಂಗಳಲ್ಲಿ ಆ ಗೇಟಿಗೆ ಸರಪಳಿ ಬಿಗಿಯುತ್ತಿದ್ದರು, ಬರಹ ಮಾತ್ರ ಹಾಗೇ ಇತ್ತು.

ಅದನ್ನು ಕೇಳದೇ ಬದಲಿಸಿದ್ದರೆ ಯಾರೂ ಅವಳನ್ನು ತಡೆಯುತ್ತಿರಲಿಲ್ಲ. ಊರಿಗೆ ಊರೇ, ಅವನನ್ನೇನು ಕೇಳುವುದು ಅಂತು. ಹುಲಿಗೆವ್ವ ಊರಿನ ಮಾತು ಕೇಳಲಿಲ್ಲ. ಎರೆನಾಡಿಗೆ ಹೋದಳು. ಜಟ್ಟೆಪ್ಪ ಅಲ್ಲಿ ಬೀಸುವ ಕಲ್ಲು ಕುಟ್ಟುತ್ತಾ ಕೂತಿದ್ದ. ಗಳಿಗೆಯ ಹಂಗಿಲ್ಲದ ಕೆಲಸ ಅದು. ಅವಳು ಬಂದ ಕಾರಣ ಹೇಳಿದಳು. ಅವನು ಉಳಿ ಕೆಳಗಿಟ್ಟು ಬೇಡ ಅಂದ.

“ಆ ಮಾತು ಹೋತಂದ್ರ ನನ್ನ ಸಾಕ್ಷಿ ಹೋತವ್ವ. ಅಲ್ಲಿ ಬಿಡು ಅಂತ ಇದ್ದಿದ್ದಕ್ಕ ನಾ ಹಂಗ ಬರದೆ. ನಾಳೆ ನೋಡಿದವರಿಗೆ ಅದು ಕಾಣ್ಲಿಲ್ಲ ಅಂದ್ರ, ನನ್ನ ಕೈ ಅಷ್ಟ ಕಾಣತೈತಿ.”

ಇಷ್ಟು ವರ್ಷ ಹುಲಿಗೆವ್ವ ಮುಂದೆ ಸಾಯಬಹುದಾದವರನ್ನು ನೆನೆದಿದ್ದಳು, ಸತ್ತ ಅಕ್ಕನನ್ನು ನೆನೆದಿದ್ದಳು. ಬದುಕಿರುವ ಈ ಮನುಷ್ಯನಿಗೆ ಆ ಕೆಟ್ಟ ಮಾತೊಂದೇ ಆಸರೆ ಅಂತ ಅವಳಿಗೆ ಹೊಳೆದಿರಲಿಲ್ಲ. ಎದ್ದು ವಾಪಸು ಬಂದಳು. ಅವನ ಒಂದು ಡ್ರೈವರಿನ ಸಲುವಾಗಿ ಹಳೆ ಹೆಸರು ತಿರುಳಿನಲ್ಲಿ ಹಾಗೇ ಉಳಿಯಿತು.

ಉಳಿದದ್ದು ಸುಮ್ಮನಿರಲಿಲ್ಲ. ಮೇಲಿನ ತೂಬೊಂದಕ್ಕೆ ಹೊಸಬಳೊಬ್ಬಳು ಡ್ರೈವರ್ ಬರೆಯಲು ಬಂದಳು. ಹೊಸಬರು ಹಳಬರದ್ದನ್ನು ನೋಡಿ ತಾನೇ ಬರೆಯುವುದು. ಅವಳು ಜಟ್ಟೆಪ್ಪನದ್ದನ್ನು ನೋಡಿದಳು, ಜಟ್ಟೆಪ್ಪನ ಹಾಗೇ ಓದಿದಳು, ಜಟ್ಟೆಪ್ಪನ ಹಾಗೇ ಬರೆದಳು. ನಾಲೆ ನಿಂತ ತಿಂಗಳಲ್ಲಿ ಗೇಟು ತಾನಾಗಿ ಎದ್ದಿತು. ಆ ದಿನ ಕೆಳಗೆ ಯಾರೂ ಇರಲಿಲ್ಲ, ಯಾರದೋ ಪುಣ್ಯ. ಮೆಟ್ಟಿಲ ಮೇಲಿಟ್ಟಿದ್ದ ಒಂದು ತಾಮ್ರದ ಕೊಡ ಮಾತ್ರ ಹೋಯಿತು.

ಹುಲಿಗೆವ್ವ ಮತ್ತೆ ಎರೆನಾಡಿಗೆ ಹೋದಳು. ಕೊಡದ ಸುದ್ದಿ ಹೇಳಿದಳು. ಕೆಳಗೆ ಯಾರಿದ್ದರು ಅಂತ ಜಟ್ಟೆಪ್ಪ ಎರಡು ಸಲ ಕೇಳಿದ ಅಂತ ಹೇಳುತ್ತಾರೆ. ಆಗ ಅವಳು ಒಂದು ದಾರಿ ಹೇಳಿದಳು. ಹೆಸರು ಬದಲಿಸೋಣ, ಆದರೆ ಅದರ ಮೇಲೆ ಒಂದು ಸಾಲು ಬರೆಯೋಣ. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಯಂತ್ರ ಅದನ್ನು ಓದದೆ ದಾಟಿ ಹೋಗುತ್ತದೆ. ಅದರಿಂದ ಗೇಟು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ.

“ಯಂತ್ರ ಓದದ ಸಾಲು ತಗೊಂಡು ನಾ ಏನ್ ಮಾಡ್ಲಿ?”

“ಯಂತ್ರ ಓದೂದಿಲ್ಲ. ಮನುಷ್ಯಾರು ಓದ್ತಾರ, ಅಣ್ಣ.”

ಅಣ್ಣ ಅಂತ ಅವನನ್ನು ಆ ವರ್ಷಗಳಲ್ಲಿ ಯಾರೂ ಕರೆದಿರಲಿಲ್ಲ. ಅವಳು ತಾನು ಬರೆಯಬೇಕೆಂದಿದ್ದ ಸಾಲು ಹೇಳಿದಳು. ಓದಿದ ಜಟ್ಟೆಪ್ಪನ ತಪ್ಪಿಲ್ಲ, ಹೆಸರಿಟ್ಟ ಹುಲಿಗೆವ್ವನ ತಪ್ಪು ಅಂತ. ಅವನು, ನನ್ನ ಹೆಸರೂ ಬೇಡ ನಿನ್ನ ಹೆಸರೂ ಬೇಡ, ಅವಳ ಹೆಸರು ಹಾಕು ಅಂದ. ಇಬ್ಬರೂ ಕೂಡಿ ಸಾಲು ಕಟ್ಟಿದರು. ಕಡೇತೂಬಿನ ಡ್ರೈವರಿನ ತಲೆಯಲ್ಲಿ ಅದು ಈಗಲೂ ಇದೆ. ಹೊಸದಾಗಿ ಕಸುಬಿಗೆ ಬಂದವರು ಮೊದಲು ಆ ಸಾಲನ್ನು ತಮ್ಮ ಕೈಯಲ್ಲಿ ಬರೆದು, ಆಮೇಲೆ ಉಳಿದದ್ದಕ್ಕೆ ಕೈ ಹಚ್ಚುತ್ತಾರೆ.

‘ಇಲ್ಲಿ ಮೊದಲು ಬಿಡು ಅಂತ ಇತ್ತು. ಬರೆದವಳಿಗೆ ಒಂದು ಅರ್ಥ, ಓದಿದವನಿಗೆ ಒಂದು ಅರ್ಥ. ಎರಡರ ನಡುವೆ ಪಾರವ್ವ ಇದ್ದಳು.’

ಜಟ್ಟೆಪ್ಪ ಬಿಡು ಅಂತ ಬರೆದಿದ್ದ ಕಡೆ ಗಳಿಗೆ_ನಿಂತಿರಲಿ ಬಂತು. ಹಳೆಯದು ತಿರುಳಿನಿಂದ ಅಳಿಯಿತು. ಹುಲಿಗೆವ್ವ ಮನೆಗೆ ಬಂದು ಸಂಕವ್ವನ ಮುಂದೆ ಕೂತು ಆ ಸಾಲು ಓದಿದಳು. ಮುದುಕಿಗೆ ಅಕ್ಷರ ಬಾರದು. ಇನ್ನೊಮ್ಮೆ ಓದು ಅಂದಳು. ಓದಿದಳು. ಮುದುಕಿ ಎದ್ದು ಎಮ್ಮೆಯ ಹತ್ತಿರ ಹೋದಳು. ಕರುವಿನ ಹಗ್ಗ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಹಾಲು ಕರೆಯಲಿಲ್ಲ.

ಕೆಲವು ದಿನ ಹಾಗೇ ಹೋಯಿತು. ಒಂದು ಬೆಳಿಗ್ಗೆ ಹುಲಿಗೆವ್ವ ಎದ್ದಾಗ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಸಂಕವ್ವ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ ಇಟ್ಟು ಬುತ್ತಿ ಕಟ್ಟಿದ್ದಳು.

“ಜಟ್ಟೆಪ್ಪಗ ಒಯ್ದು ಕೊಡು. ಬಾ ಅಂತ ಹೇಳು,” ಅಂದಳು.

ಆ ಮನೆಯಲ್ಲಿ ಅಷ್ಟು ವರ್ಷದ ಮೇಲೆ ಅವನ ಹೆಸರು ಬಂತು. ಹುಲಿಗೆವ್ವ ಬುತ್ತಿ ಹೊತ್ತು ನಡೆದಳು ಅನ್ನುವುದಿಲ್ಲ, ಓಡಿದಳು ಅಂತ ಹೇಳುತ್ತಾರೆ. ಎರೆನಾಡಿನಲ್ಲಿ ಅವನ ಕಟ್ಟೆಯ ಮೇಲೆ ಅರ್ಧ ಕುಟ್ಟಿದ ಕಲ್ಲಿತ್ತು, ಪಕ್ಕದಲ್ಲಿ ಉಳಿ ಇತ್ತು. ಅವನಿರಲಿಲ್ಲ. ಮಣ್ಣು ಮಾಡಿ ಬಂದಿದ್ದೇವೆ ಅಂತ ಪಕ್ಕದ ಮನೆಯವರು ಹೇಳಿದರು. ಕೊನೆಯ ದಿನಗಳಲ್ಲಿ ಹಗುರಾಗಿದ್ದ, ನಗುತ್ತಿದ್ದ, ಯಾರೋ ಊಟಕ್ಕೆ ಕರೆಯುತ್ತಾರೆ ಅನ್ನುತ್ತಿದ್ದ ಅಂತಲೂ ಹೇಳಿದರು. ಕೊನೆಯದನ್ನು ಜನ ಸೇರಿಸಿದರೋ ಏನೋ. ಸೇರಿಸಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿರಬೇಕು.

ಹುಲಿಗೆವ್ವ ಬುತ್ತಿಯ ಸಮೇತ ವಾಪಸು ಬಂದಳು. ಊರ ಹತ್ತಿರ ಬಂದಾಗ ಕಾಲು ಮನೆಯ ಕಡೆ ಏಳಲಿಲ್ಲ. ಕಡೇತೂಬಿನ ಮನೆಯ ಚಿಲಕಕ್ಕೆ ಬುತ್ತಿ ಕಟ್ಟಿದಳು. ಅಲ್ಲೇ ನಿಂತು ಅತ್ತಳು. ಅಕ್ಕ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲವಂತೆ. ದಾರಿಯಲ್ಲಿ ಹೋಗುತ್ತಿದ್ದ ಕುರಿಗಾರನೊಬ್ಬ ಬುತ್ತಿ ಕಂಡು, ಯಾರದು ಅಂತ ಕೇಳಿ, ಜಟ್ಟೆಪ್ಪನದು, ನೀನೇ ಉಣ್ಣು ಅಂತ ಅವಳು ಅಂದ ಮೇಲೆ, ಬಿಚ್ಚಿ ಉಂಡ. ಅವಳು ಮನೆಗೆ ಹೋದಳು. ಸಂಕವ್ವ ಬಾಗಿಲಲ್ಲೇ ಕೂತಿದ್ದಳು.

“ಉಂಡನೇನು?”

“ಉಂಡ, ಅವ್ವ.”

ಮುದುಕಿ ಹೆಚ್ಚು ಕೇಳಲಿಲ್ಲ. ಯಾಕೆ ಬರಲಿಲ್ಲ ಅಂತಲೂ ಕೇಳಲಿಲ್ಲ. ಮರುವರ್ಷ ನಾಲೆ ನಿಂತ ತಿಂಗಳಲ್ಲಿ ಮತ್ತೆ ಬುತ್ತಿ ಕಟ್ಟಿದಳು. ಹುಲಿಗೆವ್ವ ಒಯ್ದು ಚಿಲಕಕ್ಕೆ ಕಟ್ಟಿ ಬಂದು, ಉಂಡ ಅಂದಳು. ಸಂಕವ್ವ ಇರುವ ತನಕ ಹೀಗೇ ನಡೆಯಿತು. ಮುದುಕಿಗೆ ಮೊದಲ ದಿನವೇ ಗೊತ್ತಾಗಿತ್ತು ಅಂತ ಕೆಲವರು ಹೇಳುತ್ತಾರೆ. ಗೊತ್ತಿದ್ದವಳು ಯಾಕೆ ಪ್ರತಿ ವರ್ಷ ರೊಟ್ಟಿ ಬಡಿದಳು ಅಂದರೆ, ಹೆತ್ತವಳನ್ನು ಕೇಳಬೇಕು, ನನ್ನನ್ನಲ್ಲ.

ಸಂಕವ್ವ ಹೋದಳು, ಆಮೇಲೆ ಹುಲಿಗೆವ್ವನೂ ಹೋದಳು. ಆ ಪೆಟ್ಟಿಗೆಗಳೂ ಹೋಗಿ ಬೇರೆ ಬಂದವು, ಪಾರವ್ವನ ಸಾಲು ಮಾತ್ರ ಅವುಗಳೊಳಗೂ ಬಂತು. ಆದರೆ ಈ ನಾಲೆಯ ಮೇಲೆ ಇವತ್ತಿಗೂ ಕರುವಿನ ಹಗ್ಗ ಕಳಚುವಾಗ ‘ಓಡಲಿ’ ಅನ್ನುತ್ತಾರೆ. ಪಟ ಹಾರಿಸುವ ಹುಡುಗರೂ ಹಾಗೇ ಕೂಗುತ್ತಾರೆ. ಕುಡುಕ ಗಂಡನನ್ನು ಬೈಯುವ ಹೆಂಡತಿ ಸಹ ‘ನಿಲ್ಲಿಸು’ ಅನ್ನುತ್ತಾಳೆ, ಎಷ್ಟೇ ಸಿಟ್ಟಿದ್ದರೂ ಆ ಇನ್ನೊಂದು ಮಾತು ಅವಳ ಬಾಯಿಗೆ ಬರುವುದಿಲ್ಲ.

ಕೌದಿ ಒಗೆಯುವ ದಿನ ಹೆಂಗಸರು ಗುಂಡಿಗೆ ಇಳಿಯುವ ಮುಂಚೆ ಒಬ್ಬಳು ಮೇಲೆ ತೂಬಿನ ಮನೆಗೆ ಹೋಗುತ್ತಾಳೆ. ಕೆಳಗಿನವರು ‘ಗಳಿಗೆ?’ ಅಂತ ಕೂಗುತ್ತಾರೆ. ಮೇಲಿನವಳು ನೋಡಿ ‘ನಿಂತೈತಿ’ ಅನ್ನುತ್ತಾಳೆ. ಆಮೇಲೆಯೇ ಇಳಿಯುತ್ತಾರೆ. ಮೇಲಿನವಳು ಬರುವಾಗ ಊರಿನ ಪರವಾಗಿ ಚಿಲಕಕ್ಕೆ ಒಂದು ಬುತ್ತಿ ಕಟ್ಟಿ ಬರುತ್ತಾಳೆ. ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ. ಹಸಿದು ಹೋಗುವವರು ಯಾರಾದರೂ ಬಿಚ್ಚಿ ಉಣ್ಣಬಹುದು. ಉಂಡವರು ತಮ್ಮ ಹೆಸರು ಹೇಳುವಂತಿಲ್ಲ. ಗುಂಡಿಯ ಕಡೆ ತಿರುಗಿ, “ಜಟ್ಟೆಪ್ಪ ಉಂಡ,” ಅಂತ ಕೂಗಬೇಕು.

ಕೆಳಗೆ ಕೌದಿ ಹಿಂಡುತ್ತಿರುವ ಹೆಂಗಸರು ತಲೆ ಎತ್ತದೆ, “ಉಣ್ಣಲಿ,” ಅನ್ನುತ್ತಾರೆ.